ಐದಡಿ ಹವಳದ ತೊಟ್ಟಿ, ಕೈಗೆಟುಕುವ ಖರ್ಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲಿ ಸಮುದ್ರದ ನೀರಿನ ದೊಡ್ಡ ತೊಟ್ಟಿ ಕಟ್ಟುವ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಲೆಕ್ಕ ಹೊಂದಿಕೊಳ್ಳಲೆಂದು ಎಲ್ಲ ಉತ್ತರಗಳಿಗೂ ಒಂದೇ ಅಳತೆ ಇಟ್ಟುಕೊಂಡಿದ್ದೇವೆ: 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ, ಅದರ ಸ್ಟ್ಯಾಂಡಿನೊಳಗೆ ಪಂಪ್, ಫಿಲ್ಟರ್ ಕೂರುವ 90×40×40 ಸೆಂ.ಮೀ. ಸಂಪ್ ತೊಟ್ಟಿ. ಕಲ್ಲು, ಮರಳಿನ ಜಾಗ ಕಳೆದರೆ ಎರಡರಲ್ಲೂ ಸೇರಿ ಸುಮಾರು 520 ಲೀಟರ್ ನೀರು ನಿಲ್ಲುತ್ತದೆ.

ಎರಡನೇ ಮಹಡಿಯ ಫ್ಲ್ಯಾಟ್ ನಮ್ಮದು. ಕೈಯಲ್ಲಿ ಒಂದೂವರೆ ಲಕ್ಷ ಇದೆ. ಐದಡಿ ತೊಟ್ಟಿ ಇಡಬಹುದೇ? ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬೇಕು? (ಬೆಂಗಳೂರು)

ಮೊದಲು ತೂಕ ನೋಡಿ. 12 ಮಿ.ಮೀ. ಗಾಜು ಚದರ ಮೀಟರಿಗೆ 30 ಕೆ.ಜಿ. ತೂಗುತ್ತದೆ, ಈ ಅಳತೆಯ ತೊಟ್ಟಿಗೆ ಬರೀ ಗಾಜೇ 100 ಕೆ.ಜಿ. ದಾಟುತ್ತದೆ. ಉಪ್ಪುನೀರು, ಕಲ್ಲು, ಮರಳು, ಕಬ್ಬಿಣದ ಸ್ಟ್ಯಾಂಡ್, ತುಂಬಿದ ಸಂಪ್ ಸೇರಿದರೆ ಒಟ್ಟು 800 ಕೆ.ಜಿ. ಹತ್ತಿರ. ವಾಸದ ಕೋಣೆಗಳ ನೆಲವನ್ನು ನಮ್ಮಲ್ಲಿ ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರಕ್ಕೆ ಲೆಕ್ಕ ಹಾಕಿ ಕಟ್ಟುತ್ತಾರೆ. ನಿಮ್ಮ ತೊಟ್ಟಿ ನಿಲ್ಲುವುದು ಒಂದು ಚದರ ಮೀಟರಿಗಿಂತ ಕಡಿಮೆ ಜಾಗದಲ್ಲಿ. ಹಾಗಾಗಿ ಕೋಣೆಯ ನಡುವೆ ಇಡುವ ಮಾತೇ ಬೇಡ. ಕೆಳಗೆ ಬೀಮ್ ಹಾದುಹೋಗುವ ಗೋಡೆಗೆ ಒತ್ತಿ, ಕಂಬದ ಹತ್ತಿರ ಇಡಬೇಕು. ಅದಕ್ಕೂ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಕಟ್ಟಡದ ನಕ್ಷೆ ತೋರಿಸಿ ಒಪ್ಪಿಗೆ ಪಡೆಯಿರಿ. ಅವರ ಶುಲ್ಕ ಬಜೆಟ್ಟಿನ ಮೊದಲ ಸಾಲಿನಲ್ಲೇ ಇರಲಿ.

ಹಣದ ವಿಷಯದಲ್ಲಿ ನಮ್ಮ ನಿಲುವು ಇಷ್ಟೇ: ನೀರು ತುಂಬಿದ ಮೇಲೆ ಬದಲಾಯಿಸಲು ಆಗದ್ದಕ್ಕೆ ಈಗಲೇ ದುಡ್ಡು ಹಾಕಿ, ಆಮೇಲೆ ಬದಲಾಯಿಸಬಹುದಾದದ್ದನ್ನು ಅಗ್ಗದಲ್ಲಿ ಶುರು ಮಾಡಿ. ಗಾಜು, ಸಿಲಿಕೋನ್, ಸ್ಟ್ಯಾಂಡ್, ನೀರು ಸಂಪಿಗೆ ಇಳಿಯುವ ತೂತು ಮತ್ತು ಪೈಪುಗಳಿಗೆ ಸುಮಾರು 60 ಸಾವಿರ ಇಡಿ. ಲೈಟು, ಪಂಪುಗಳಿಗೆ 40 ಸಾವಿರ. ಉಳಿದದ್ದರಲ್ಲಿ ಆರ್‌ಒ ಘಟಕ, ಉಪ್ಪು, ಮರಳು, ಪರೀಕ್ಷಾ ಕಿಟ್‌ಗಳು. ಒಂದಿಷ್ಟು ದುಡ್ಡು ಮುಟ್ಟದೆ ಉಳಿಯಲಿ, ಮೊದಲ ಬೇಸಿಗೆಯಲ್ಲಿ ಅದು ಬೇಕಾಗುತ್ತದೆ. ಮೀನು, ಹವಳಕ್ಕೆ ಈಗ ಏನೂ ತೆಗೆದಿಡಬೇಡಿ. ಅವು ಬರುವುದು ತಿಂಗಳುಗಳ ನಂತರ, ಒಂದೊಂದಾಗಿ.

ಗಾಜು 12 ಮಿ.ಮೀ. ಇರಲಿ, ಮೇಲಂಚಿನ ಸುತ್ತ ಒಳಭಾಗಕ್ಕೆ ಗಾಜಿನ ಪಟ್ಟಿ ಅಂಟಿಸಿ ಬಲ ಕೊಡಿಸಿ. ಟಫನ್ಡ್ ಗಾಜು ಬೇಡ: ಅದಕ್ಕೆ ಆಮೇಲೆ ತೂತು ಕೊರೆಯಲು ಹೋದರೆ ಇಡೀ ಹಾಳೆ ಪುಡಿಯಾಗುತ್ತದೆ. ಮುಂದಿನ ಗಾಜನ್ನು ಮಾತ್ರ ಕಡಿಮೆ ಹಸಿರಿನದು ಹಾಕಿಸಿ, ಮಿಕ್ಕವು ಮಾಮೂಲಿ ಇದ್ದರೆ ಸಾಕು. ಸಿಲಿಕೋನ್ ಬೂಷ್ಟುನಿರೋಧಕ ಔಷಧ ಸೇರಿಸಿದ ಬಾತ್‌ರೂಮ್ ಮಾದರಿಯದಾಗಿರಬಾರದು. ಅಂಟಿಸಿ ಏಳು ದಿನ ಒಣಗಲು ಬಿಟ್ಟು, ಸ್ಟ್ಯಾಂಡಿನ ಮೇಲಿಟ್ಟು, ನಲ್ಲಿ ನೀರು ತುಂಬಿ ಇನ್ನೊಂದು ವಾರ ನೋಡಿ. ಸ್ಟ್ಯಾಂಡಿಗೆ 50×50 ಮಿ.ಮೀ. ಚೌಕ ಪೈಪ್ ಬೆಸುಗೆ ಹಾಕಿಸಿ, ಎಪಾಕ್ಸಿ ಬಣ್ಣ ಎರಡು ಕೋಟ್ ಹೊಡೆಸಿ. ಉಪ್ಪು ಮಾಮೂಲಿ ಪೇಂಟನ್ನು ಬೇಗ ತಿನ್ನುತ್ತದೆ. ಮೇಲೆ 18 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್, ಅದರ ಮೇಲೆ 10 ಮಿ.ಮೀ. ಥರ್ಮೋಕೋಲ್, ಆಮೇಲೆ ತೊಟ್ಟಿ.

ಹಳೆಯ ತೊಟ್ಟಿ ಅಗ್ಗಕ್ಕೆ ಸಿಕ್ಕರೆ ಅಂಚುಗಳಲ್ಲಿ ಚೂರು ಹಾರಿದೆಯೇ ನೋಡಿ, ಜೊತೆಗೆ ಅದರಲ್ಲಿ ಮೀನಿಗೆ ತಾಮ್ರದ ಔಷಧ ಹಾಕಿದ್ದರೇ ಎಂದು ಕೇಳಿ. ತಾಮ್ರ ಹವಳಕ್ಕೂ ಸಿಗಡಿಗೂ ವಿಷ. ಆ ತೊಟ್ಟಿಯ ಜೊತೆ ಬರುವ ಕಲ್ಲು, ಮರಳಿನಲ್ಲಿ ಅದು ಉಳಿದುಕೊಂಡಿದ್ದು ನಿಧಾನವಾಗಿ ನೀರಿಗೆ ಬಿಡುತ್ತದೆ.

ನೇತ್ರಾಣಿ ದ್ವೀಪದ ಕಡೆಯಿಂದ ಹವಳದ ಕಲ್ಲು ತರಿಸಿಕೊಡುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. ಖರ್ಚು ತುಂಬ ಉಳಿಯುತ್ತದೆ. ತಗೊಳ್ಳಲೇ? (ಕಾರವಾರ)

ಖಂಡಿತ ಬೇಡ. ಬಂಡೆ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಸಮುದ್ರ ಕುದುರೆ, ಸಮುದ್ರ ಸೌತೆಗೂ ಇದೇ ಕಾಯ್ದೆಯ ರಕ್ಷಣೆ ಇದೆ. ಸತ್ತ ಹವಳದ ತುಂಡು ಇಟ್ಟುಕೊಂಡರೂ ಅಪರಾಧವೇ. ನೇತ್ರಾಣಿಯ ಸುತ್ತ ಉಳಿದಿರುವ ಹವಳವೇ ಕಡಿಮೆ. ಅಲ್ಲಿಂದ ಒಂದು ಕಲ್ಲು ಕಿತ್ತರೂ ಅದರ ಜೊತೆ ಹತ್ತಾರು ಜೀವಿಗಳ ಮನೆ ಹೋಗುತ್ತದೆ.

ಅಂಗಡಿಯಲ್ಲಿ "ಇಂಪೋರ್ಟೆಡ್" ಎಂದು ಮಾರುವ ಗಟ್ಟಿ ಹವಳಕ್ಕೂ ಕಾಗದ ಬೇಕು. ಅವು ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತಾರಾಷ್ಟ್ರೀಯ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದ ಮೇಲೆ ಸೈಟ್ಸ್ ಪಟ್ಟಿಯ ಜೀವಿಗಳನ್ನು ಇಟ್ಟುಕೊಳ್ಳುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಆಮದು ಪರವಾನಗಿಯ ಪ್ರತಿ ಕೊಡದ ಅಂಗಡಿಯಿಂದ ಗಟ್ಟಿ ಹವಳ ಕೊಳ್ಳಬೇಡಿ. ಬಜೆಟ್ ತೊಟ್ಟಿಗೆ ಸುಣ್ಣದ ಗಟ್ಟಿ ಗೂಡು ಕಟ್ಟದ ಮೃದು ಹವಳಗಳೇ ಸರಿ ಎನ್ನುವುದಕ್ಕೆ ನಮ್ಮ ಮೊದಲ ಕಾರಣ ಇದು. ಅವಕ್ಕೂ ಬಿಲ್ಲು ಇಟ್ಟುಕೊಳ್ಳಿ. ಸಂಶಯವಿದ್ದರೆ ಕೊಳ್ಳುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಹಾಗಿದ್ದರೆ ಕಲ್ಲಿಗೆ ಏನು ಮಾಡುವುದು? ಸಿಮೆಂಟಿನಲ್ಲಿ ಮಾಡಬಹುದಂತೆ, ನಿಜವೇ? (ದಾವಣಗೆರೆ)

ನಿಜ, ಸಮಯ ಕೊಡುವ ತಾಳ್ಮೆ ಇದ್ದರೆ. ಒಂದು ಪಾಲು ಬಿಳಿ ಸಿಮೆಂಟ್, ಎರಡು ಪಾಲು ಜಜ್ಜಿದ ಚಿಪ್ಪಿ, ಎರಡು ಪಾಲು ದಪ್ಪ ಹರಳುಪ್ಪು. ಚಿಪ್ಪಿಯನ್ನು ತೊಳೆದು ಒಣಗಿಸಿರಬೇಕು. ಮುದ್ದೆ ಮಾಡಿದರೆ ಆಕಾರ ನಿಲ್ಲುವಷ್ಟು ಮಾತ್ರ ನೀರು ಹಾಕಿ. ಒದ್ದೆ ಮರಳಿನಲ್ಲಿ ಗುಳಿ ತೋಡಿ, ಮುದ್ದೆಗಳನ್ನು ಒಂದರ ಮೇಲೊಂದು ಸಡಿಲವಾಗಿ ಬಿಡಿ. ಬೆರಳಿನಿಂದ ಆರುಪಾರು ತೂತು ಮಾಡಿ. ಒತ್ತಿ ನುಣ್ಣಗೆ ಮಾಡಿದರೆ ಒಳಗೆ ನೀರು ಹರಿಯದ ಬರೀ ಕಾಂಕ್ರೀಟ್ ತುಂಡಾಗುತ್ತದೆ.

ಎರಡು ದಿನ ಬಿಟ್ಟು ಹೊರತೆಗೆದು ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ. ಉಪ್ಪು ಕರಗಿ ರಂಧ್ರಗಳಾಗುತ್ತವೆ. ಸಿಮೆಂಟಿನ ಸುಣ್ಣ ಹೊರಬರುತ್ತ ನೀರಿನ ಪಿಎಚ್ 11, 12ಕ್ಕೆ ಏರುತ್ತದೆ. ವಾರಕ್ಕೆರಡು ಸಲ ನೀರು ಬದಲಿಸುತ್ತ ಆರರಿಂದ ಎಂಟು ವಾರ ಕಾಯಿರಿ. ಹೊಸ ನೀರಿನಲ್ಲಿ ಮೂರು ದಿನ ಇಟ್ಟರೂ ಪಿಎಚ್ 8.5 ದಾಟದಿದ್ದರೆ ಕಲ್ಲು ಸಿದ್ಧ. ಇಲ್ಲಿ ಅವಸರ ಮಾಡಿದವರ ತೊಟ್ಟಿಯಲ್ಲಿ ಪಿಎಚ್ ಏರುತ್ತಲೇ ಇರುತ್ತದೆ, ಏನು ಹಾಕಿದರೂ ಇಳಿಯುವುದಿಲ್ಲ. ನಿಮಗೆ ಬೇಕಾದದ್ದು 40 ಕೆ.ಜಿ. ಆಸುಪಾಸು. ಕಲ್ಲನ್ನು ತೊಟ್ಟಿಯ ತಳಕ್ಕೇ ಕೂರಿಸಿ, ಆಮೇಲೆ ಸುತ್ತ ಮೂರು ಸೆಂ.ಮೀ. ಸುಣ್ಣದ ಮರಳು ಹರಡಿ. ಮರಳಿನ ಮೇಲೆ ಕಲ್ಲಿಟ್ಟರೆ ಬಿಲ ತೋಡುವ ಮೀನು ಬುಡ ಸಡಿಲಿಸಿ ಗುಡ್ಡೆ ಉರುಳಿಸುತ್ತದೆ.

ನಮ್ಮದು ಬೋರ್‌ವೆಲ್ ನೀರು, ಟಿಡಿಎಸ್ (ಕರಗಿದ ಲವಣಗಳ ಅಳತೆ) 800. ಅಡುಗೆಮನೆಯ ಆರ್‌ಒ ನೀರು ಸಾಕಾಗುವುದಿಲ್ಲವೇ? (ಹುಬ್ಬಳ್ಳಿ)

ಹಾಗೆಯೇ ಬಳಸಿದರೆ ಸಾಕಾಗದು. ಕುಡಿಯುವ ನೀರಿನ ಯಂತ್ರಗಳು ರುಚಿಗೆಂದು ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸುತ್ತವೆ. ಟಿಡಿಎಸ್ ಕಂಟ್ರೋಲರ್ ಎಂಬ ಪುಟ್ಟ ತಿರುಪು ಇರುವುದೇ ಅದಕ್ಕೆ. ಮಿನರಲ್ ಕಾರ್ಟ್ರಿಜ್ ಬೇರೆ. ಇವೆರಡನ್ನೂ ಬಿಟ್ಟು, ಮೆಂಬ್ರೇನಿನಿಂದ ನೇರ ಬರುವ ನೀರು ತಗೊಳ್ಳಿ. 800 ಇದ್ದದ್ದು 40ರ ಹತ್ತಿರ ಬರುತ್ತದೆ. ಅದನ್ನು ಉಳಿದ ಲವಣಗಳನ್ನೂ ಹಿಡಿದಿಟ್ಟುಕೊಳ್ಳುವ ಮಿಕ್ಸೆಡ್ ಬೆಡ್ ಡಿಐ ರೆಸಿನ್ ತುಂಬಿದ ಕೊಳವೆಯಲ್ಲಿ ಹಾಯಿಸಿದರೆ ಸೊನ್ನೆ. ಉಳಿದ 40ರಲ್ಲಿ ನೈಟ್ರೇಟ್, ಸಿಲಿಕೇಟ್ ಇರುತ್ತವೆ. ಮೊದಲ ವರ್ಷ ಪೂರ್ತಿ ಪಾಚಿಗೆ ಊಟ ಹಾಕುವುದು ಅವೇ.

ದಿನಕ್ಕೆ 75 ಗ್ಯಾಲನ್ ಸೋಸುವ ಮೆಂಬ್ರೇನ್ ಗಂಟೆಗೆ 10ರಿಂದ 12 ಲೀಟರ್ ಕೊಡುತ್ತದೆ, ಅಂದರೆ ಮೊದಲ ತುಂಬುವಿಕೆಗೆ ಎರಡು ದಿನ. ಒಂದು ಲೀಟರ್ ರೆಸಿನ್ ಹೆಚ್ಚುಕಡಿಮೆ ಈ ಒಂದು ತುಂಬುವಿಕೆಯಲ್ಲೇ ಮುಗಿಯುತ್ತದೆ, ಇನ್ನೊಂದು ಲೀಟರ್ ಕೈಯಲ್ಲಿರಲಿ. ಹೊರಹೋಗುವ 1,500 ಲೀಟರಿನಷ್ಟು ನೀರನ್ನು ಶೌಚಾಲಯಕ್ಕೆ, ನೆಲ ಒರೆಸಲು ಹಿಡಿದಿಡಿ. ಗಿಡಕ್ಕೆ ಹಾಕಬೇಡಿ, ನಿಮ್ಮ ಊರಿನ ಗಡಸು ನೀರು ಅದರಲ್ಲಿ ಇನ್ನೂ ಗಡಸಾಗಿರುತ್ತದೆ.

ಉಪ್ಪು ಮರೈನ್ ಮಿಶ್ರಣವೇ ಆಗಬೇಕು, ಲೀಟರಿಗೆ 38ರಿಂದ 39 ಗ್ರಾಂ, ಒಟ್ಟು 20 ಕೆ.ಜಿ. ಅಡುಗೆ ಉಪ್ಪು ಆಗುವುದಿಲ್ಲ: ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 1,290 ಮಿ.ಗ್ರಾಂ. ಮೆಗ್ನೀಷಿಯಂ, 410 ಮಿ.ಗ್ರಾಂ. ಕ್ಯಾಲ್ಸಿಯಂ, ಹೆಚ್ಚುಕಡಿಮೆ ಅಷ್ಟೇ ಪೊಟ್ಯಾಸಿಯಂ ಇರಬೇಕು. ಉಪ್ಪಿನಂಶ ನೋಡುವ ರಿಫ್ರ್ಯಾಕ್ಟೋಮೀಟರನ್ನು ಬರೀ ನೀರಿನಿಂದ ಸೊನ್ನೆಗೆ ಹೊಂದಿಸಿ ಬಿಡಬೇಡಿ, ಅಗ್ಗದವು ಮೇಲಿನ ತುದಿಯಲ್ಲಿ ತಪ್ಪುತ್ತವೆ. ಅಯೋಡಿನ್ ಇಲ್ಲದ ಶುದ್ಧ ಉಪ್ಪು 3.65 ಗ್ರಾಂ ಅನ್ನು 96.35 ಗ್ರಾಂ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ. ಈ ದ್ರಾವಣಕ್ಕೆ ಉಪಕರಣ 35 ತೋರಿಸುವಂತೆ ತಿರುಪು ತಿರುಗಿಸಿ.

ಮನೆಯಿಂದ ಕಡಲು ಹತ್ತು ನಿಮಿಷ. ಅಲ್ಲಿಯ ನೀರನ್ನೇ ಬಳಸಬಹುದೇ? (ಮಂಗಳೂರು)

ಡಿಸೆಂಬರಿನಿಂದ ಮಾರ್ಚ್‌ವರೆಗೆ ಬಳಸಬಹುದು. ಮಳೆಗಾಲದಲ್ಲೂ ಅದರ ನಂತರದ ಕೆಲವು ವಾರಗಳಲ್ಲೂ ನೇತ್ರಾವತಿ, ಗುರುಪುರ ಹೊಳೆಗಳ ನೀರು ಸೇರಿ ಉಪ್ಪಿನಂಶ ಇಳಿದಿರುತ್ತದೆ, ಕೆಸರೂ ಹೆಚ್ಚು. ಅಳಿವೆ, ಮೀನುಗಾರಿಕೆ ಬಂದರು, ಕಾರ್ಖಾನೆ ನೀರು ಬಿಡುವ ಜಾಗಗಳಿಂದ ದೂರ ಹೋಗಿ, ಭರತದ ಹೊತ್ತಿನಲ್ಲಿ ತುಂಬಿ. ದೋಣಿಯಲ್ಲಿ ಸ್ವಲ್ಪ ಒಳಗೆ ಹೋಗಿ ತಂದರೆ ಇನ್ನೂ ಒಳ್ಳೆಯದು. ಆಹಾರ ತುಂಬುವ ದರ್ಜೆಯ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕತ್ತಲೆಯಲ್ಲಿ ಎರಡು ವಾರ ಇಡಿ, ತೇಲುಜೀವಿಗಳು ಸತ್ತು ತಳ ಸೇರುತ್ತವೆ. ಮೇಲಿನ ತಿಳಿಯನ್ನು 5 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಅಮೋನಿಯ, ಫಾಸ್ಫೇಟ್ ಪರೀಕ್ಷಿಸಿ. ಮಳೆಗಾಲಕ್ಕೆಂದು ಒಂದು ಚೀಲ ಮಿಶ್ರ ಉಪ್ಪು ಹೇಗೂ ಬೇಕು.

ಕರೆಂಟ್ ಹೋದಾಗಲೆಲ್ಲ ಸಂಪ್ ತುಂಬಿ ನೆಲದ ಮೇಲೆ ನೀರು ಹರಿಯುತ್ತದೆ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಹಾಕಿದರೂ ಅದೇ ಪಾಡು. (ಶಿವಮೊಗ್ಗ)

ಚೆಕ್ ವಾಲ್ವಿನೊಳಗೆ ಬಸವನಹುಳದ ಮರಿ, ಸುಣ್ಣದ ಹಕ್ಕಳೆ ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚುವುದಿಲ್ಲ. ಅದನ್ನು ನಂಬಬೇಡಿ, ಅಳತೆಯನ್ನು ನಂಬಿ. ನಿಮ್ಮ ತೊಟ್ಟಿಯಲ್ಲಿ ಒಂದು ಸೆಂ.ಮೀ. ನೀರು ಇಳಿದರೆ 9 ಲೀಟರ್ ಕೆಳಗೆ ಬರುತ್ತದೆ. ನೀರು ಮೇಲೆ ಬಿಡುವ ಪೈಪಿನ ಬಾಯಿ ಹತ್ತು ಸೆಂ.ಮೀ. ಆಳದಲ್ಲಿ ಮುಳುಗಿದ್ದರೆ ಪಂಪ್ ನಿಂತ ಕೂಡಲೇ ಅದು ಸೈಫನ್ ಆಗಿ 90 ಲೀಟರ್ ಎಳೆದುಬಿಡುತ್ತದೆ. ಬಾಯಿಯನ್ನು ನೀರಿನ ಮಟ್ಟದಿಂದ ಎರಡು ಸೆಂ.ಮೀ. ಕೆಳಗಷ್ಟೇ ಇಡಿ, ಮಟ್ಟಕ್ಕೆ ಸರಿಯಾಗಿ 4 ಮಿ.ಮೀ. ತೂತೊಂದನ್ನು ಪೈಪಿಗೆ ಕೊರೆದು ವಾರಕ್ಕೊಮ್ಮೆ ಕಡ್ಡಿಯಿಂದ ಚೊಕ್ಕಟ ಮಾಡಿ. ಆಗ ಪೈಪು, ಓವರ್‌ಫ್ಲೋ ಪೆಟ್ಟಿಗೆಯದು ಸೇರಿ ಇಳಿಯುವುದು 30 ಲೀಟರ್ ಮಾತ್ರ. ಸಂಪನ್ನು 25 ಸೆಂ.ಮೀ. ಎತ್ತರಕ್ಕೆ ನಡೆಸಿದರೆ ಮೇಲೆ 45 ಲೀಟರಿಗೂ ಹೆಚ್ಚು ಜಾಗ ಖಾಲಿ ಇರುತ್ತದೆ.

ಇನ್ನೊಂದು ಬಗೆಯ ಪ್ರವಾಹದ ಬಗ್ಗೆ ಕಡಿಮೆ ಜನ ಯೋಚಿಸುತ್ತಾರೆ. ಕೆಳಗಿಳಿಯುವ ಪೈಪು ಕಟ್ಟಿಕೊಂಡು ಪಂಪ್ ಮಾತ್ರ ಓಡುತ್ತಿದ್ದರೆ ಸಂಪಿನ ಕೊನೆಯ ಕೋಣೆಯ ನೀರೆಲ್ಲ ಮೇಲೆ ಹೋಗುತ್ತದೆ. ಆ ಕೋಣೆ 30×40 ಸೆಂ.ಮೀ., ನೀರು 20 ಸೆಂ.ಮೀ. ಇದ್ದರೆ ಅದು 24 ಲೀಟರ್. ಮೇಲಿನ ತೊಟ್ಟಿಯಲ್ಲಿ ಮಟ್ಟ ಮೂರು ಸೆಂ.ಮೀ.ಗಿಂತ ಸ್ವಲ್ಪ ಕಡಿಮೆ ಏರುತ್ತದೆ. ಅಂಚಿಗೆ ನಾಲ್ಕು ಸೆಂ.ಮೀ. ಖಾಲಿ ಬಿಟ್ಟಿದ್ದರೆ ನೆಲ ಒಣಗಿರುತ್ತದೆ. ಇಳಿಯಲು ಎರಡು ಪೈಪು ಹಾಕಿ: ಒಂದು ವಾಲ್ವ್ ಇರುವ ಮುಖ್ಯ ಪೈಪು, ಇನ್ನೊಂದು ಸ್ವಲ್ಪ ಎತ್ತರದಲ್ಲಿ ಬಾಯಿ ತೆರೆದ ತುರ್ತು ಪೈಪು. ವಾಲ್ವ್ ಪಿವಿಸಿಯದೇ ಇರಲಿ. ಹಿತ್ತಾಳೆಯ ವಾಲ್ವ್, ಜಿಐ ಕ್ಲ್ಯಾಂಪ್, ತಾಮ್ರದ ತಂತಿ ಯಾವುದೂ ನೀರು ಮುಟ್ಟಬಾರದು.

ಕರೆಂಟ್ ಇಲ್ಲದ ಹೊತ್ತಿನಲ್ಲಿ ಮೊದಲು ಸಾಯುವುದು ಉಸಿರು ಕಟ್ಟಿದ ಮೀನು. ಇನ್ವರ್ಟರಿಗೆ ನೀರನ್ನು ಕಲಕುವ ಒಂದು ವೇವ್‌ಮೇಕರ್ ಅಥವಾ ಗಾಳಿ ಪಂಪ್ ಮಾತ್ರ ಜೋಡಿಸಿ. ಲೈಟು ಒಂದು ದಿನ ಇಲ್ಲದಿದ್ದರೂ ನಡೆಯುತ್ತದೆ. ತೊಟ್ಟಿಯ ಎಲ್ಲ ಪ್ಲಗ್ಗುಗಳೂ ಕರೆಂಟ್ ಸೋರಿದರೆ ತಕ್ಷಣ ಕಡಿತ ಮಾಡುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಮೂಲಕವೇ ಹೋಗಬೇಕು, ಇದರಲ್ಲಿ ರಾಜಿ ಇಲ್ಲ.

ಏಪ್ರಿಲ್‌ನಲ್ಲಿ ನೀರು 32 ಡಿಗ್ರಿ ದಾಟುತ್ತದೆ. ನೀರು ತಂಪು ಮಾಡುವ ಚಿಲ್ಲರ್ ಕೊಳ್ಳುವ ಶಕ್ತಿ ಇಲ್ಲ. ಫ್ಯಾನ್ ಸಾಕೇ? (ಕಲಬುರಗಿ, ಉಡುಪಿ)

ಎರಡೂ ಊರಿನಿಂದ ಇದೇ ಪ್ರಶ್ನೆ ಬಂದಿದೆ, ಉತ್ತರ ಮಾತ್ರ ಬೇರೆ ಬೇರೆ. ಫ್ಯಾನ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ಒಂದು ಲೀಟರ್ ಆವಿಯಾದರೆ ಕರೆಂಟ್ ಲೆಕ್ಕದಲ್ಲಿ ಸುಮಾರು 0.67 ಯೂನಿಟ್‌ನಷ್ಟು ಶಾಖ ಹೊರಹೋಗುತ್ತದೆ. ಈ ತೊಟ್ಟಿಯ ಯಂತ್ರಗಳೆಲ್ಲ ದಿನಕ್ಕೆ ನಾಲ್ಕು ಯೂನಿಟ್ ತಿಂದು ಬಹುಪಾಲನ್ನು ನೀರಿಗೇ ಶಾಖವಾಗಿ ಕೊಡುತ್ತವೆ. ಆರು ಲೀಟರ್ ಆವಿಯಾದರೆ ಅದು ಸರಿಹೋಗುತ್ತದೆ. ಕಲಬುರಗಿಯ ಒಣಗಾಳಿಯಲ್ಲಿ ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವ ನಾಲ್ಕು ಪುಟ್ಟ 12 ವೋಲ್ಟ್ ಫ್ಯಾನುಗಳು ಮೂರು, ನಾಲ್ಕು ಡಿಗ್ರಿ ಇಳಿಸುತ್ತವೆ. ಮುಚ್ಚಳ ತೆಗೆದು ಬಲೆ ಹೊದಿಸಿ, ಲೈಟನ್ನು ರಾತ್ರಿಗೆ ಸರಿಸಿ. ಕೋಣೆಯೇ 35 ಡಿಗ್ರಿ ಇದ್ದರೆ ಮಾತ್ರ ಇಷ್ಟರಿಂದ ಆಗದು. ಉಡುಪಿಯ ಮೇ ತಿಂಗಳ ಗಾಳಿಯಲ್ಲಿ ತೇವ ತುಂಬಿರುವುದರಿಂದ ನೀರು ಆವಿಯಾಗುವುದೇ ಕಷ್ಟ. ಫ್ಯಾನಿನಿಂದ ಒಂದೆರಡು ಡಿಗ್ರಿ ಸಿಕ್ಕರೆ ಹೆಚ್ಚು. ಕರಾವಳಿಯವರು ಚಿಲ್ಲರ್ ಅಥವಾ ಕೋಣೆಗೆ ಎಸಿಯ ಖರ್ಚನ್ನು ಲೆಕ್ಕದಲ್ಲಿ ಸೇರಿಸಿಯೇ ತೊಟ್ಟಿಯ ಅಳತೆ ನಿರ್ಧರಿಸಬೇಕು. ಅದು ಆಗದಿದ್ದರೆ ಮೂರಡಿ ತೊಟ್ಟಿಯೇ ವಾಸಿ.

ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನವೂ ತುಂಬಬೇಕಾದದ್ದು ಉಪ್ಪಿಲ್ಲದ ಡಿಐ ನೀರು. ಫ್ಲೋಟ್ ಸ್ವಿಚ್, ಸಣ್ಣ ಪಂಪ್ ಸೇರಿಸಿ ಇದನ್ನು ತಾನಾಗಿ ನಡೆಯುವಂತೆ ಮಾಡಿ. ತುಂಬುವ ಡ್ರಮ್ 20 ಲೀಟರ್ ಮೀರದಿರಲಿ. ಸ್ವಿಚ್ ಸಿಕ್ಕಿಕೊಂಡು ಎಲ್ಲ ಸುರಿದರೂ ಉಪ್ಪಿನಂಶ ಒಂದೂವರೆ ಅಂಕವಷ್ಟೇ ಇಳಿಯುತ್ತದೆ.

ತಿಂಗಳ ಕರೆಂಟ್ ಬಿಲ್ ಎಷ್ಟು ಏರುತ್ತದೆ? (ತುಮಕೂರು)

ಸುಮಾರು 120 ಯೂನಿಟ್, ಚಿಲ್ಲರ್ ಹೊರತು. ಗೃಹಜ್ಯೋತಿಯಲ್ಲಿರುವವರು ಮೊದಲೇ ಗಮನಿಸಿ: ಈಗ 100 ಯೂನಿಟ್ ಬಳಸುತ್ತಿದ್ದರೆ ತೊಟ್ಟಿ ಬಂದ ಮೇಲೆ 200ರ ಮಿತಿ ದಾಟಿ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ನೀರು ತುಂಬಿ ಎಷ್ಟು ದಿನಕ್ಕೆ ಮೀನು ಬಿಡಬಹುದು? (ಮೈಸೂರು)

ದಿನ ಎಣಿಸಬೇಡಿ, ಅಮೋನಿಯ ಅಳೆಯಿರಿ. ಮೀನಿನ ಹೊಲಸಿನಿಂದ ಬರುವ ವಿಷ ಅದು, ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯ ಮೊದಲು ಬೆಳೆಯಬೇಕು. ಪ್ರಯೋಗಾಲಯ ದರ್ಜೆಯ ಅಮೋನಿಯಂ ಕ್ಲೋರೈಡ್ 3.3 ಗ್ರಾಂ ಕರಗಿಸಿ ಹಾಕಿದರೆ 520 ಲೀಟರಿನಲ್ಲಿ ಅಮೋನಿಯ ಲೀಟರಿಗೆ 2 ಮಿ.ಗ್ರಾಂ. ಆಗುತ್ತದೆ. ಕಲಾಯಿಯವರು ಬಳಸುವ ನವಸಾಗರವೂ ಅದೇ ಲವಣ, ಆದರೆ ಅದರಲ್ಲಿ ಲೋಹದ ಕಲ್ಮಶ ಇರಬಹುದು, ಬೇಡ. ಬಾಟಲಿ ಬ್ಯಾಕ್ಟೀರಿಯ ಹಾಕಿ, ನೀರು 27 ಡಿಗ್ರಿ ಇರಲಿ, ಲೈಟ್ ಆರಿಸಿಡಿ. ಹಾಕಿದ 2 ಮಿ.ಗ್ರಾಂ. ಒಂದೇ ದಿನದಲ್ಲಿ ಸೊನ್ನೆಯಾಗಿ ನೈಟ್ರೈಟೂ ಸೊನ್ನೆ ಬಂದರೆ ತೊಟ್ಟಿ ಸಿದ್ಧ. ಒಣ ಕಲ್ಲಿನಲ್ಲಿ ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೊದಲಿಗೆ ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನು ಜೋಡಿ ಸಾಕು. ಇವುಗಳ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ, ಸಮುದ್ರದಿಂದ ಹಿಡಿದದ್ದು ಬೇಕಿಲ್ಲ.

ನಾಲ್ಕು ತಿಂಗಳಾಯಿತು. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ಆದರೂ ಕಲ್ಲಿನ ಮೇಲೆ ಗುಳ್ಳೆ ಹಿಡಿದ ಕಂದು ಲೋಳೆ ಎಳೆಗಳು. ಬಸವನಹುಳ ಸಾಯುತ್ತಿವೆ. (ಬೆಳಗಾವಿ)

ಆ ಸೊನ್ನೆಯೇ ತೊಂದರೆ. ಇದು ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿ ಇರಬೇಕು. ಖಚಿತ ಮಾಡಿಕೊಳ್ಳಲು ಲೋಳೆಯನ್ನು ಸೀಸೆಯಲ್ಲಿ ತೊಟ್ಟಿ ನೀರಿನ ಜೊತೆ ಜೋರಾಗಿ ಕುಲುಕಿ, ಟಿಶ್ಯೂ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿಡಿ. ಒಂದು ಗಂಟೆಯಲ್ಲಿ ಮತ್ತೆ ಎಳೆಯಾಗಿ ಕೂಡಿಕೊಂಡರೆ ಅದೇ. ಪೋಷಕಾಂಶ ಪೂರ್ತಿ ಇಲ್ಲವಾದಾಗ ಇವನ್ನು ಒತ್ತರಿಸಬೇಕಾದ ಪಾಚಿ, ಬ್ಯಾಕ್ಟೀರಿಯ ಹಸಿದು ಸೋಲುತ್ತವೆ, ಇವು ಗೆಲ್ಲುತ್ತವೆ.

ಫಾಸ್ಫೇಟ್ ಹೀರುವ ಕಬ್ಬಿಣದ ಹರಳು ತೆಗೆದುಬಿಡಿ, ನೀರು ಬದಲಿಸುವುದನ್ನು ನಿಲ್ಲಿಸಿ, ಮೀನಿಗೆ ಊಟ ಹೆಚ್ಚಿಸಿ. ಶುದ್ಧ ಪೊಟ್ಯಾಸಿಯಂ ನೈಟ್ರೇಟ್ 4.2 ಗ್ರಾಂ ಹಾಕಿದರೆ ನಿಮ್ಮ ತೊಟ್ಟಿಯಲ್ಲಿ ನೈಟ್ರೇಟ್ ಲೀಟರಿಗೆ 5 ಮಿ.ಗ್ರಾಂ. ಏರುತ್ತದೆ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1ರ ನಡುವೆ ಕೆಲವು ವಾರ ನಿಲ್ಲಿಸಿ. ರಾತ್ರಿ ಲೋಳೆ ಮಾಯವಾಗಿ ಬೆಳಗ್ಗೆ ಮರಳುವ ಜಾತಿಯಾದರೆ ಅದು ಇರುಳಲ್ಲಿ ನೀರಿನಲ್ಲಿ ತೇಲುತ್ತಿರುತ್ತದೆ, ಅದಕ್ಕೆ ಯುವಿ ದೀಪ ಕೆಲಸ ಮಾಡುತ್ತದೆ. ಮರಳಿನಲ್ಲೇ ಉಳಿಯುವ ಜಾತಿಗೆ ಯುವಿ ವ್ಯರ್ಥ.

ಯಾವ ಮೃದು ಹವಳ, ಎಷ್ಟು ಬೆಳಕು? ಕ್ಯಾಲ್ಸಿಯಂ ದ್ರಾವಣಗಳ ಬೆಲೆ ನೋಡಿ ಭಯವಾಗಿದೆ. (ಹಾಸನ)

ಸಾರ್ಕೋಫೈಟನ್, ಸಿನುಲೇರಿಯಾ, ಡಿಸ್ಕೋಸೋಮಾ ಅಣಬೆ ಹವಳ, ಜೊಅಂಥಿಡ್. ಇವಕ್ಕೆ ಪಾರ್ (ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ) ಮಾಪನದಲ್ಲಿ 50ರಿಂದ 150 ಬೆಳಕು ಸಾಕು. 450 ನ್ಯಾನೋಮೀಟರಿನ ನೀಲಿ ಹೆಚ್ಚಿರುವ 100 ವ್ಯಾಟ್‌ನ ಎರಡು ಎಲ್‌ಇಡಿ, ದಿನಕ್ಕೆ ಎಂಟು ಗಂಟೆ. ಮೊದಲ ತಿಂಗಳು ಅರ್ಧ ಪ್ರಖರತೆಯಲ್ಲಿ ಓಡಿಸಿ. ನೀರಿನ ಓಟ ಒಟ್ಟು ಗಂಟೆಗೆ 10,000 ಲೀಟರ್ ಆಗುವಂತೆ ಎರಡು ವೇವ್‌ಮೇಕರ್‌ಗಳನ್ನು ಎದುರುಬದುರು ಇಡಿ.

ಜೊಅಂಥಿಡ್‌ಗಳ ಕೆಲವು ಜಾತಿಗಳಲ್ಲಿ, ಅದರಲ್ಲೂ ಪಾಲಿಥೋವಾದಲ್ಲಿ, ಪ್ಯಾಲಿಟಾಕ್ಸಿನ್ ಎಂಬ ಕಡು ವಿಷ ಇದೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ, ಕತ್ತರಿಸಬೇಡಿ. ಅವು ಅಂಟಿದ ಕಲ್ಲನ್ನು ಕುದಿಸುವುದು, ಬಿಸಿನೀರು ಸುರಿದು ಉಜ್ಜುವುದು ಎಂದಿಗೂ ಬೇಡ. ಆವಿಯಲ್ಲಿ ಬಂದ ವಿಷ ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಸೇರಿಸಬಲ್ಲದು.

ದುಬಾರಿ ದ್ರಾವಣ ಯಾವುದೂ ಬೇಡ. ಎರಡು ವಾರಕ್ಕೊಮ್ಮೆ 50 ಲೀಟರ್ ನೀರು ಬದಲಿಸಿದರೆ ಮೃದು ಹವಳಕ್ಕೆ ಬಹುತೇಕ ಸಾಕು. ನೀರಿನ ಕ್ಷಾರಾಂಶ ಅದರ ಅಳತೆಯಾದ ಡಿಕೆಎಚ್‌ನಲ್ಲಿ ಎಂಟಕ್ಕಿಂತ ಇಳಿದರೆ 16 ಗ್ರಾಂ ಅಡುಗೆ ಸೋಡಾ ಕರಗಿಸಿ ನಿಧಾನ ಹಾಕಿ, ಒಂದು ಅಂಕ ಏರುತ್ತದೆ. ದಿನಕ್ಕೆ ಒಂದು ಅಂಕಕ್ಕಿಂತ ಹೆಚ್ಚು ಏರಿಸಬೇಡಿ. ಕ್ಯಾಲ್ಸಿಯಂ 400ಕ್ಕಿಂತ ಕೆಳಗಿಳಿದರೆ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿಸಿದ ಸುಣ್ಣವನ್ನೇ ಲೀಟರ್ ಡಿಐ ನೀರಿಗೆ ಎರಡು ಗ್ರಾಂ ಕಲಸಿ, ಮುಚ್ಚಿಟ್ಟು, ತಿಳಿ ನೀರನ್ನು ಮಾತ್ರ ರಾತ್ರಿ ಹನಿಹನಿಯಾಗಿ ಬಿಡಿ. ದಿನದ ಆವಿ ನೀರಿನ ಬದಲು ಇದನ್ನೇ ತುಂಬಿದರಾಯಿತು. ಎಲೆಯಡಿಕೆಯ ಸುಣ್ಣದ ಡಬ್ಬಿ ಬೇಡ, ಅದರಲ್ಲಿ ಬೇರೇನು ಬೆರೆಸಿದ್ದಾರೆಂದು ಬರೆದಿರುವುದಿಲ್ಲ. ಬೆಳಗ್ಗೆ ಪಿಎಚ್ 8.5 ದಾಟಿದ್ದರೆ ಮರುದಿನ ಅರ್ಧಕ್ಕೆ ಇಳಿಸಿ.